ಒಮೆಗಾಗೆ ಬಿದ್ರಿ ಡಯಲ್ ಕೂರಿಸಿದ್ದು

ಕೈಗಡಿಯಾರದೊಳಗೆ ಬಿದ್ರಿ ಡಯಲ್, ಅಂದರೆ ಕಪ್ಪು ಲೋಹದಲ್ಲಿ ಬೆಳ್ಳಿ ತಾರು ಕೂರಿಸಿದ ಡಯಲ್, ಕೂರಲ್ಲ ಅಂತ ಹೇಳಿದವರೇ ಜಾಸ್ತಿ. ಈಗ ಕೂತಿದೆ. ಚಾವಿ ಕೊಡುವ ಹಳೆಯ ಒಮೆಗಾ. ಎರಡು ಮಳೆಗಾಲ ದಾಟಿದೆ, ಒಂದು ತಾರೂ ಎದ್ದಿಲ್ಲ.

ಅಸಲಿ ಡಯಲ್ ಹಾಳು ಮಾಡಿದ ಅಂತ ಬೈಯಬೇಡಿ. ನನ್ನ ಕೈಗೆ ಬರುವ ಮೊದಲೇ ಯಾರೋ ಅದಕ್ಕೆ ಕಿತ್ತಳೆ ಬಣ್ಣ ಬಳಿದಿದ್ದರು. ಹೆಸರಿನ ಅಕ್ಷರವೂ ಸೊಟ್ಟ. ಅದಕ್ಕೇ ಹನ್ನೊಂದು ಸಾವಿರದ ಆಸುಪಾಸಿಗೆ ಸಿಕ್ಕಿತು.

ನಮ್ಮ ಕಲಬುರಗಿ ಗೆಳೆಯರಲ್ಲಿ ಒಬ್ಬರಿಗೆ ತಾರೀಖಿನ ಕಿಟಕಿ ಬೇಕು, ಒಬ್ಬರಿಗೆ ರೋಮನ್ ಅಂಕಿ, ಇನ್ನೊಬ್ಬರಿಗೆ 40 ಮಿಮೀ ಕೇಸ್. ನನಗೆ ಮೆಚ್ಚುಗೆಯಾದದ್ದು 1952ರಲ್ಲಿ ಶುರುವಾದ ಒಮೆಗಾದ ಕಾನ್‌ಸ್ಟೆಲೇಶನ್ ಸಾಲಿನ ಪೈ-ಪ್ಯಾನ್ ಡಯಲ್. ಹನ್ನೆರಡು ಮುಖ, ಇಳಿಜಾರು ಅಂಚು, ಚೂಪು ಮುಳ್ಳು, 35 ಮಿಮೀ ಹತ್ತಿರದ ಕೇಸ್. ತಾರೀಖು ನೋಡೋಕೆ ಗೋಡೆಯ ಮೇಲೆ ಕ್ಯಾಲೆಂಡರ್ ಇದೆ, ಅಲ್ವಾ? ಬಿದ್ರಿಯಲ್ಲೂ ಆ ಇಳಿಜಾರು ತರೋಣ ಅಂತ ಅಂಚಿಗೆ ಅರ ಹಾಕಿದೆ. ಉಜ್ಜಿದಷ್ಟೂ ತಾರೇ ಸವೆಯಿತು. ಚಪ್ಪಟೆಯೇ ಇರಲಿ ಅಂತ ಬಿಟ್ಟೆ.

ಬೀದರ್‌ನಲ್ಲಿ ಚೌಬಾರದ ಹತ್ತಿರದ ಕಾರಖಾನೆಯ ಚಾಚಾ ಮೊದಲೇ ಹೇಳಿದ್ದರು: "ಅಷ್ಟ್ ತೆಳ್ಳಗ ಮಾಡಿದ್ರ ತಾರ್ ನಿಲ್ಲಂಗಿಲ್ರಿ ಸಾಹೇಬ್ರ." ತೆಳ್ಳನೆಯ ತಗಡಿಗೆ ಉಳಿ ಹಾಕಿದರೆ ಸೀಳುತ್ತಿತ್ತು. ಹಾಗಾಗಿ ಸುಮಾರು 3 ಮಿಮೀ ದಪ್ಪದ ಬಿಲ್ಲೆಗೇ ನಡುವಿನ ತೂತು ಹಾಕಿಸಿ, ಮೈಲುತುತ್ತ ಸವರಿ, ಗೆರೆ ಕೊರೆಸಿ, ಅದರೊಳಗೆ ಬೆಳ್ಳಿ ತಾರು ಬಡಿದು ಕೂರಿಸುವ ತಾರ್‌ಕಶಿ ಮುಗಿಸಿದೆವು. ಆಮೇಲೆ ಹಿಂಬದಿಯಿಂದ ಉಜ್ಜಿದೆ. 0.5 ಮಿಮೀಗೆ ಬಂತೋ ಇಲ್ಲವೋ, ಬಿಲ್ಲೆ ಹಪ್ಪಳದ ಹಾಗೆ ಸುರುಟಿಕೊಂಡಿತು. ಬೆಳ್ಳಿ ಬಡಿದ ಬಿಗಿ ಎಲ್ಲ ಮುಂಬದಿಯಲ್ಲೇ ಕೂತಿರುತ್ತದೆ. ಐದಾರು ಬಿಲ್ಲೆ ಹೀಗೇ ಹೋದವು, ಕೂಲಿ ಸೇರಿ ಏಳೆಂಟು ಸಾವಿರ ನೀರುಪಾಲು. ಕೊನೆಗೆ ಉಜ್ಜುವ ನಡುನಡುವೆ ಕಾಯಿಸಿ ಆರಿಸಿದೆ, ಬಿಗಿ ಇಳಿಯಿತು. ಎಷ್ಟು ಕಾಯಿಸಬೇಕು ಅನ್ನೋದು ಮಾತ್ರ ನನ್ನ ಹತ್ತಿರವೇ ಇರಲಿ.

ಬೀದರ್ ಕೋಟೆಯ ಮಣ್ಣು, ನವಸಾಗರದ ನೀರಿನಲ್ಲಿ ಕಪ್ಪು ಮಾಡಿದ್ದು ಇದೆಲ್ಲ ಆದ ಮೇಲೆ. ಹೂಜಿಗೆ ಸವರುವ ಹಾಗೆ ಎಣ್ಣೆ ಸವರುವಂತಿಲ್ಲ, ಯಂತ್ರದೊಳಗೆ ಹರಿಯುತ್ತದೆ. ಮೇಣ ತಿಕ್ಕಿ ಒರೆಸಿದೆ. ನವಸಾಗರ ಸ್ವಲ್ಪ ಉಳಿದರೂ ಉಕ್ಕಿಗೆ ತುಕ್ಕು. ಹೊಳೆಯುವ ಒಂದು ಸ್ಕ್ರೂ ಜೊತೆ ಡಯಲನ್ನು ಡಬ್ಬಿಯಲ್ಲಿ ಮುಚ್ಚಿಡಿ. ವಾರ ಕಳೆದು ಸ್ಕ್ರೂ ಮಂಕಾಗಿದ್ದರೆ ಮತ್ತೆ ಬಿಸಿನೀರಿನಲ್ಲಿ ತೊಳೆಯಿರಿ.

ಡಯಲನ್ನು ಯಂತ್ರಕ್ಕೆ ಹಿಡಿಸುವ ಹಿಂಬದಿಯ ಕಾಲಿಗೆ ಬೆಸುಗೆ ಬೇಡ, ಕಪ್ಪು ಕೆಡುತ್ತದೆ. ಆ ಕಿತ್ತಳೆ ಡಯಲ್‌ನ ಬಣ್ಣ ಕೆರೆದು, ಉಜ್ಜಿ ತೆಳ್ಳಗೆ ಮಾಡಿ, ಅದರ ಮೇಲೆ ಬಿದ್ರಿ ಬಿಲ್ಲೆಯನ್ನು ಎರಡು ಟ್ಯೂಬಿನ ಅಂಟಿನಿಂದ ಕೂರಿಸಿದೆ. ಅದರ ಕಾಲುಗಳೇ ಸಾಕಾದವು. ಒಟ್ಟು ದಪ್ಪ ಸ್ವಲ್ಪ ಏರಿದ್ದರಿಂದ ಮುಳ್ಳು ಗಾಜಿಗೆ ತಾಗುತ್ತಿತ್ತು. ಉಬ್ಬು ಗಾಜು ಹಾಕಿದೆ, ಇನ್ನೂರು ರೂಪಾಯಿ.

ನಡುವೆ ಡಯಲ್ ತುಂಬ ಅಶರಫಿ ಬೂಟಿ ಅನ್ನುವ ಚಿತ್ತಾರ ತುಂಬಿಸಿಯೂ ನೋಡಿದ್ದೆ. ನೋಡಲು ಚೆಂದ, ಗಂಟೆ ಎಷ್ಟು ಅಂತ ಮಾತ್ರ ಗೊತ್ತಾಗದು. ಈಗಿರುವುದು ಹನ್ನೆರಡು ಬೆಳ್ಳಿ ಗೆರೆ, ಅಂಚಿಗೆ ಒಂದು ಸಣ್ಣ ಬಳ್ಳಿ. ಹೆಸರು ಬರೆಸಿಲ್ಲ. ಒಮೆಗಾ ಮಾಡದ ಡಯಲ್ ಮೇಲೆ ಒಮೆಗಾ ಅಂತ ಯಾಕೆ?

ತಾರೀಖು ಕೇಳುತ್ತಿದ್ದ ಗೆಳೆಯರು ತಮ್ಮ ಎಚ್‌ಎಂಟಿ ಜನತಾಗೂ ಒಂದು ಮಾಡಿಕೊಡು ಅಂತಿದ್ದಾರೆ. ಆರು ಸಾವಿರ ಹೇಳಿದ್ದೇನೆ, ನಾಲ್ಕಕ್ಕೆ ಜಗ್ಗಾಡುತ್ತಿದ್ದಾರೆ.