ಮೊದಲ ಬೀಗ ಇಮೇಲ್‌ಗೆ

ಪರ್ಸ್ ಹೋದರೆ ಜೇಬು ಮುಟ್ಟಿದ ಕೂಡಲೇ ಗೊತ್ತಾಗುತ್ತದೆ. ನಿಮ್ಮ ಹೆಸರು, ಗುರುತು ಕಳವಾದರೆ ಹಾಗಲ್ಲ. ನೀವು ಪಡೆಯದೇ ಇರುವ ಸಾಲಕ್ಕೆ ಯಾರೋ ಫೋನ್ ಮಾಡಿ ಕಂತು ಕೇಳುವವರೆಗೂ ಸುದ್ದಿಯೇ ಇರುವುದಿಲ್ಲ.

ಕಳ್ಳರು ಎಲ್ಲವನ್ನೂ ಒಂದೇ ಕಡೆಯಿಂದ ಕದಿಯುವುದಿಲ್ಲ, ಚೂರು ಚೂರು ಜೋಡಿಸುತ್ತಾರೆ. ಹುಟ್ಟುಹಬ್ಬದ ಫೋಟೊದಿಂದ ಜನ್ಮದಿನಾಂಕ ಸಿಗುತ್ತದೆ, ಎಲ್ಲೋ ಸೋರಿದ ಪಟ್ಟಿಯಿಂದ ಫೋನ್ ನಂಬರ್. ಸೋರುವುದನ್ನು ಪೂರ್ತಿ ತಡೆಯಲು ನಮ್ಮಿಂದ ಆಗದು. 2017ರಲ್ಲಿ ಅಮೆರಿಕದ ಈಕ್ವಿಫ್ಯಾಕ್ಸ್ ಕಂಪನಿಯಿಂದ ಸುಮಾರು 14.7 ಕೋಟಿ ಜನರ ಮಾಹಿತಿ ಕಳವಾಯಿತು. ಅದು ಜನರ ಸಾಲದ ಲೆಕ್ಕ ಇಡುವ ಕಂಪನಿ. ಆ ಜನ ಎಷ್ಟು ಹುಷಾರಾಗಿದ್ದರೂ ಏನೂ ಮಾಡುವಂತಿರಲಿಲ್ಲ, ಅಲ್ವಾ? ಸೋರಿದ ಚೂರುಗಳಿಂದ ಯಾವ ಬಾಗಿಲೂ ತೆರೆಯದಂತೆ ನೋಡಿಕೊಳ್ಳುವುದಷ್ಟೇ ನಮ್ಮ ಕೈಲಿರುವುದು.

ಆ ಕೆಲಸವನ್ನು ಇಮೇಲ್‌ನಿಂದ ಶುರುಮಾಡಿ. ಬ್ಯಾಂಕಿನ ಪಾಸ್‌ವರ್ಡ್ ಬಗ್ಗೆ ಜನಕ್ಕೆ ಭಯ ಜಾಸ್ತಿ, ಇಮೇಲ್ ಬಗ್ಗೆ ಉದಾಸೀನ. ಆದರೆ ‘ಪಾಸ್‌ವರ್ಡ್ ಮರೆತಿದ್ದೇನೆ’ ಎಂದು ಒತ್ತಿದಾಗ ಹೊಸದನ್ನು ಹಾಕುವ ಲಿಂಕ್ ಹೆಚ್ಚಾಗಿ ಬರುವುದು ಇಮೇಲ್‌ಗೇ. ಅದಕ್ಕೆ ಬೇರೆಲ್ಲೂ ಬಳಸದ ಉದ್ದನೆಯ ಪಾಸ್‌ವರ್ಡ್ ಇರಲಿ. ಒಂದಕ್ಕೊಂದು ಸಂಬಂಧವಿಲ್ಲದ ನಾಲ್ಕೈದು ಪದ ಜೋಡಿಸಿದರೂ ಆದೀತು. ‘ಬೇರೆಲ್ಲೂ ಬಳಸದ’ ಎನ್ನುವುದೇ ಮುಖ್ಯ. 2012ರಲ್ಲಿ ಲಿಂಕ್ಡ್‌ಇನ್‌ನಿಂದ ಕದ್ದ 11 ಕೋಟಿಗೂ ಹೆಚ್ಚು ಇಮೇಲ್, ಪಾಸ್‌ವರ್ಡ್‌ಗಳು 2016ರಲ್ಲಿ ಮಾರಾಟಕ್ಕೆ ಬಂದವು. ಇಂಥ ಪಟ್ಟಿ ಕೈಗೆ ಸಿಕ್ಕವರು ಅದೇ ಕೀಲಿಯನ್ನು ಸಿಕ್ಕ ಸಿಕ್ಕ ಬಾಗಿಲಿಗೆಲ್ಲ ಹಾಕಿ ನೋಡುತ್ತಾರೆ. ಅಷ್ಟೊಂದು ಪಾಸ್‌ವರ್ಡ್ ನೆನಪಿಡಲು ಯಾರಿಗೂ ಆಗದು, ಅವನ್ನೆಲ್ಲ ಒಂದೇ ಬೀಗದೊಳಗೆ ಇಟ್ಟುಕೊಳ್ಳುವ ‘ಪಾಸ್‌ವರ್ಡ್ ಮ್ಯಾನೇಜರ್’ ಆ್ಯಪ್ ಬಳಸಿ.

ಹಾಗೆಯೇ ಇಮೇಲ್ ಸೆಟ್ಟಿಂಗ್ಸ್‌ನಲ್ಲಿ ‘ಫಾರ್ವರ್ಡಿಂಗ್’ ನೋಡಿ. ಒಳಗೆ ಬಂದವರು ನಿಮ್ಮ ಮೇಲ್‌ಗಳ ಪ್ರತಿ ತಮಗೂ ಬರುವಂತೆ ಮಾಡಿಟ್ಟಿರಬಹುದು. ಪಾಸ್‌ವರ್ಡ್ ಬದಲಿಸಿದ ಮಾತ್ರಕ್ಕೆ ಅದು ಹೋಗುವುದಿಲ್ಲ.

ಎರಡನೆಯದು ಸಿಮ್. ಕಳ್ಳರು ನಿಮ್ಮ ಹೆಸರು ಹೇಳಿ ನಿಮ್ಮ ನಂಬರನ್ನು ಬೇರೆ ಸಿಮ್‌ಗೆ ಹಾಕಿಸಿಕೊಂಡರೆ ಒಟಿಪಿ ಎಲ್ಲ ಅವರಿಗೇ ಬರುತ್ತದೆ. 2019ರಲ್ಲಿ ಟ್ವಿಟರ್ ಮುಖ್ಯಸ್ಥ ಜಾಕ್ ಡಾರ್ಸಿ ಅವರ ಟ್ವಿಟರ್ ಖಾತೆಯೇ ಹೀಗೆ ಬೇರೆಯವರ ಕೈಗೆ ಹೋಗಿತ್ತು! ಸಾಧ್ಯವಿದ್ದಲ್ಲೆಲ್ಲ ಎಸ್ಸೆಮ್ಮೆಸ್ ಬದಲು ಫೋನಿನಲ್ಲೇ ಕೋಡ್ ತೋರಿಸುವ ಅಥೆಂಟಿಕೇಟರ್ ಆ್ಯಪ್ ಬಳಸಿ. ಕಾರಣವಿಲ್ಲದೆ ಸಿಗ್ನಲ್ ಹೋಗಿ ಬರದೇ ಇದ್ದರೆ ಸುಮ್ನೆ ಕೂರಬೇಡಿ, ಇನ್ನೊಂದು ಫೋನಿನಿಂದ ಮೊಬೈಲ್ ಕಂಪನಿಗೆ ಕರೆ ಮಾಡಿ.

ಮೂರನೆಯದು ಲಿಂಕ್ ಓದುವುದು. ‘ನಿಮ್ಮಬ್ಯಾಂಕ್.ಕಾಮ್.ಖಾತೆ-ಪರಿಶೀಲನೆ.ನೆಟ್/ಲಾಗಿನ್’ ಎಂದಿದೆ ಅನ್ನಿ. ಕಣ್ಣು ಮೊದಲು ಬೀಳುವುದು ಬ್ಯಾಂಕಿನ ಹೆಸರಿನ ಮೇಲೆ. ಆದರೆ ‘ಲಾಗಿನ್’ ಹಿಂದಿನ ಓರೆಗೆರೆಯ ಬಳಿ ನಿಂತು ಎಡಕ್ಕೆ ಓದಿ: ನೆಟ್, ಅದರ ಹಿಂದೆ ಖಾತೆ-ಪರಿಶೀಲನೆ. ಆ ಹೆಸರು ಯಾರದೋ ತಾಣದ ಯಜಮಾನ ಅವನೇ. ಮುಂದಿರುವ ಬ್ಯಾಂಕಿನ ಹೆಸರು ಬರೀ ಬೋರ್ಡು. ಇಷ್ಟೆಲ್ಲ ಲೆಕ್ಕ ಬೇಡ ಎನ್ನುವವರು ಲಿಂಕ್ ಒತ್ತದೆ ನೇರವಾಗಿ ಆ್ಯಪ್ ತೆರೆದರಾಯಿತು.

‘ನಿಮ್ಮ ಮೊದಲ ಶಾಲೆ ಯಾವುದು?’ ಎಂದು ಗುರುತು ಖಚಿತಪಡಿಸಿಕೊಳ್ಳಲು ತಾಣಗಳು ಕೇಳುವಂಥ ಪ್ರಶ್ನೆಗಳಿಗೆ ಸುಳ್ಳು ಹೇಳಿ. ನಿಜವಾದ ಉತ್ತರ ನಿಮ್ಮ ಹಳೇ ಗೆಳೆಯರಿಗೆಲ್ಲ ಗೊತ್ತು. ಹೇಳಿದ ಸುಳ್ಳನ್ನು ಮಾತ್ರ ಬರೆದಿಟ್ಟುಕೊಳ್ಳಿ.

ಇನ್ನು ಜೆರಾಕ್ಸ್ ಪ್ರತಿಗಳು. ಒಮ್ಮೆ ಬಾಡಿಗೆ ಮನೆಗೆಂದು ದಲ್ಲಾಳಿಯೊಬ್ಬರಿಗೆ ಗುರುತಿನ ಚೀಟಿಯ ಫೋಟೊ ಕಳಿಸಿದ್ದೆ. ಮನೆ ಸಿಗಲಿಲ್ಲ, ಫೋಟೊ ಅವರ ಫೋನಿನಲ್ಲೇ ಉಳಿಯಿತು. ಈಗ ಪ್ರತಿಯ ಮೇಲೆ ಅಡ್ಡಲಾಗಿ, ಹೆಸರಿಗೂ ಫೋಟೊಗೂ ತಾಗುವಂತೆ, ‘ಬಾಡಿಗೆ ಕರಾರಿಗೆ ಮಾತ್ರ’ ಎಂದು ದಿನಾಂಕ ಸಮೇತ ಬರೆದೇ ಕೊಡುತ್ತೇನೆ. ಮೂಲೆಯಲ್ಲಿ ಬರೆದರೆ ಕತ್ತರಿಸಿಬಿಡಬಹುದು.

ಇಷ್ಟಾದರೂ ಏಟು ಬಿದ್ದರೆ? ಮೊದಲು ಬ್ಯಾಂಕ್ ಕಾರ್ಡಿನ ಹಿಂದಿರುವ ನಂಬರಿಗೆ ಫೋನ್ ಮಾಡಿ ಖಾತೆ ತಡೆಹಿಡಿಸಿ. ಇಂಟರ್ನೆಟ್‌ನಲ್ಲಿ ಹುಡುಕಿದ ನಂಬರ್ ಬೇಡ, ಅದೂ ನಕಲಿ ಇರಬಹುದು. ಆಮೇಲೆ ಇಮೇಲ್ ಪಾಸ್‌ವರ್ಡ್ ಬದಲಿಸಿ, ಎಲ್ಲ ಸಾಧನಗಳಿಂದ ಲಾಗ್‌ಔಟ್ ಮಾಡಿ. ಪೊಲೀಸರಿಗೆ ದೂರು ಕೊಟ್ಟು ಅದರ ಪ್ರತಿ ಇಟ್ಟುಕೊಳ್ಳಿ. ‘ಈ ಸಾಲ ನನ್ನದಲ್ಲ’ ಎಂದು ವಾದಿಸಲು ಅದು ಬೇಕಾಗುತ್ತದೆ. ನಿಮ್ಮ ಹೆಸರಿನಲ್ಲಿರುವ ಸಾಲಗಳ ಪಟ್ಟಿಯಾದ ಕ್ರೆಡಿಟ್ ರಿಪೋರ್ಟ್ ತರಿಸಿ ಒಂದೊಂದೇ ಸಾಲು ನೋಡಿ. ಯಾರ ಜೊತೆ, ಎಷ್ಟು ಹೊತ್ತಿಗೆ ಮಾತಾಡಿದಿರಿ, ದೂರಿನ ಸಂಖ್ಯೆ ಏನು ಎಂಬುದೆಲ್ಲ ಒಂದೇ ಪುಸ್ತಕದಲ್ಲಿರಲಿ.

ಕೆಲವು ದಿನ ಬಿಟ್ಟು ‘ಹೋದ ಹಣ ವಾಪಸ್ ಕೊಡಿಸುತ್ತೇವೆ, ಸ್ವಲ್ಪ ಶುಲ್ಕ ಕಟ್ಟಿ’ ಎಂದು ಯಾರಾದರೂ ಫೋನ್ ಮಾಡಿದರೆ ಇಟ್ಟುಬಿಡಿ. ಮೋಸಹೋದವರ ಪಟ್ಟಿಯೂ ಮಾರಾಟವಾಗುತ್ತದೆ.