ಸುಮ್ನೆ ಬಂದ ಪಾದ ನೋವು: ಕಾರಣ ಹುಡುಕಿದ ನನ್ನ ಅನುಭವ

"ಏನೂ ಆಗಿಲ್ಲ ಮೇಡಂ. ಬಿದ್ದಿಲ್ಲ, ಉಳುಕಿಲ್ಲ. ಸುಮ್ನೆ ನೋಯ್ತಿದೆ."

ಹಾಸನದಲ್ಲಿ ಫಿಸಿಯೋಥೆರಪಿ ಕ್ಲಿನಿಕ್ ನಡೆಸುತ್ತೇನೆ. ಪಾದ ನೋವು ಅಂತ ಕುಂಟುತ್ತಾ ಬರುವವರಲ್ಲಿ ಬಹಳ ಜನ ಹೇಳುವುದು ಇದನ್ನೇ. ಅವರು ಸುಳ್ಳು ಹೇಳುತ್ತಿಲ್ಲ. ನಿನ್ನೆ ಮೊನ್ನೆ ನಿಜವಾಗಿಯೂ ಏನೂ ಆಗಿರುವುದಿಲ್ಲ. ಅದಕ್ಕೇ ನಾನು ನಿನ್ನೆಯ ವಿಷಯ ಬಿಟ್ಟು ಹೋದ ಒಂದೂವರೆ ತಿಂಗಳ ವಿಷಯ ಕೇಳುತ್ತೇನೆ. ಹೊಸ ಚಪ್ಪಲಿ ತಗೊಂಡ್ರಾ? ಮನೆ ಬದಲಾಯಿಸಿದ್ರಾ? ವಾಕಿಂಗ್ ಶುರು ಮಾಡಿದ್ರಾ? ಡಾಕ್ಟರು ಹೊಸ ಮಾತ್ರೆ ಏನಾದರೂ ಕೊಟ್ಟಿದ್ದಾರಾ? ಕಾರಣ ಹೆಚ್ಚಾಗಿ ಅಲ್ಲೇ ಎಲ್ಲೋ ಇರುತ್ತದೆ.

ಈ ಪ್ರಶ್ನೆಗಳನ್ನೆಲ್ಲ ನನಗೆ ನಾನೇ ಕೇಳಿಕೊಳ್ಳುವ ಸರದಿಯೂ ಬಂತು.

ಅಕ್ಕನ ಮಗಳ ಮದುವೆ ಮುಗಿದಿತ್ತು. ಬೀಗರೂಟವೂ ಮುಗಿದು ಮನೆ ಖಾಲಿಯಾಗಿ, ನಾನು ಮತ್ತೆ ಕ್ಲಿನಿಕ್‌ಗೆ ಹೋಗಲು ಶುರು ಮಾಡಿದ್ದೆ. ಭುಜ ಹಿಡಿದುಕೊಂಡಿದ್ದ ಒಬ್ಬರು ಅಜ್ಜಿಯ ಕೈಯನ್ನು ನಿಧಾನಕ್ಕೆ ಎತ್ತಿಸುತ್ತಿದ್ದೆ. ಒಂದು ಹೆಜ್ಜೆ ಪಕ್ಕಕ್ಕೆ ಇಟ್ಟೆ ಅಷ್ಟೆ. ಬಲಪಾದದ ಮೇಲ್ಭಾಗದಲ್ಲಿ, ಎರಡನೇ ಬೆರಳಿನಿಂದ ಸ್ವಲ್ಪ ಹಿಂದೆ, ಚಳಕ್ ಅಂತ ನೋವು. ಸಂಜೆ ಹೊತ್ತಿಗೆ ಚಪ್ಪಲಿಯ ಪಟ್ಟಿ ಒತ್ತುವಷ್ಟು ಊತ. ರಾತ್ರಿ ಮಲಗಿದಾಗ ಆರಾಮ. ಬೆಳಗ್ಗೆ ಎದ್ದಾಗಲೂ ಪರವಾಗಿಲ್ಲ. ಮಧ್ಯಾಹ್ನದ ಮೇಲೆ ಮತ್ತೆ ಅದೇ ಕತೆ.

ಆ ಹೊತ್ತನ್ನು ಗಮನಿಸಿ. ಪಾದದ ನೋವಿನಲ್ಲಿ ಎಷ್ಟು ನೋವು ಅನ್ನುವುದಕ್ಕಿಂತ ಯಾವಾಗ ನೋವು, ಎಲ್ಲಿ ನೋವು ಅನ್ನುವುದರಿಂದ ಜಾಸ್ತಿ ಗೊತ್ತಾಗುತ್ತದೆ. ಬೆಳಗ್ಗೆ ಹಾಸಿಗೆಯಿಂದ ಇಳಿದು ಮೊದಲ ಹೆಜ್ಜೆ ಇಟ್ಟಾಗ ಹಿಮ್ಮಡಿಯ ಒಳಭಾಗದಲ್ಲಿ ಮೊಳೆ ಚುಚ್ಚಿದಂತಾಗಿ, ನಾಲ್ಕು ಹೆಜ್ಜೆ ನಡೆದ ಮೇಲೆ ಸಡಿಲವಾದರೆ ಅದು ಹೆಚ್ಚಾಗಿ ಪ್ಲಾಂಟರ್ ಫೇಶಿಯೈಟಿಸ್. ಪಾದದಡಿಯ ಗಟ್ಟಿ ಪಟ್ಟಿಯ ತೊಂದರೆ. ಇಂಥವರು ಎಕ್ಸ್‌ರೇ ಹಿಡಿದುಕೊಂಡು ಬಂದು "ಮೂಳೆ ಬೆಳೆದಿದೆಯಂತೆ" ಅಂತ ಹೆದರುತ್ತಾರೆ. ಹಿಮ್ಮಡಿಯಲ್ಲಿ ಆ ಮುಳ್ಳು ಇದ್ದೂ ಜೀವಮಾನವಿಡೀ ನೋವೇ ಇಲ್ಲದವರು ಬೇಕಾದಷ್ಟು ಜನ ಇದ್ದಾರೆ. ಮುಳ್ಳಿಗೆ ಹೆದರಬೇಡಿ.

ನನ್ನದು ತದ್ವಿರುದ್ಧ. ನಡೆದಷ್ಟೂ ಜಾಸ್ತಿ, ಕೂತರೆ ಕಡಿಮೆ.

ರಾತ್ರಿ ಊಟ ಆದ ಮೇಲೆ ಬಲಪಾದವನ್ನು ಎಡ ಮಂಡಿ ಮೇಲೆ ಹಾಕಿಕೊಂಡು ಕೂತೆ. ಇದನ್ನು ಯಾರು ಬೇಕಾದರೂ ಮಾಡಬಹುದು. ಒಂದೇ ಒಂದು ಬೆರಳಿನಿಂದ ಒತ್ತಿ ನೋಡಬೇಕು, ಇಡೀ ಕೈಯಿಂದ ಹಿಸುಕಬಾರದು. ಮೊದಲು ಹಿಮ್ಮಡಿಯ ಅಡಿ. ಏನಿಲ್ಲ. ಹಿಂದಿನ ದಪ್ಪ ನರ ಅಂತ ಜನ ಕರೆಯುವ ಅಕಿಲಿಸ್ ಸ್ನಾಯುರಜ್ಜು. ಏನಿಲ್ಲ. ಹೆಬ್ಬೆರಳ ಬುಡದ ಗೆಣ್ಣು, ಅದನ್ನು ಮೇಲಕ್ಕೆ ಕೆಳಕ್ಕೆ ಬಗ್ಗಿಸಿದೆ, ಆರಾಮಾಗಿತ್ತು. ಮೂರನೇ ನಾಲ್ಕನೇ ಬೆರಳ ಸಂದಿ ಒತ್ತಿದೆ. ಬಿಗಿಯಾದ ಶೂ ಹಾಕುವವರಿಗೆ ಅಲ್ಲಿ ನರ ದಪ್ಪವಾಗಿ, ಚಪ್ಪಲಿಯೊಳಗೆ ಕಲ್ಲು ಸಿಕ್ಕಿಕೊಂಡ ಹಾಗೆ ಅನ್ನಿಸುತ್ತದೆ, ಬೆರಳು ಉರಿಯುತ್ತದೆ. ಅದೂ ಅಲ್ಲ. ಕೊನೆಗೆ ಪಾದದ ಮೇಲ್ಭಾಗದ ಐದು ಉದ್ದ ಮೂಳೆಗಳನ್ನು ಒಂದೊಂದಾಗಿ ಬೆರಳ ಬುಡದಿಂದ ಹಿಂದಕ್ಕೆ ಸವರಿಕೊಂಡು ಬಂದೆ. ಎರಡನೆಯದರ ಕುತ್ತಿಗೆ ಹತ್ತಿರ ಬೆರಳ ತುದಿಯಷ್ಟು ಜಾಗ ಮುಟ್ಟಿದ ಕೂಡಲೇ ಕಾಲು ತಾನಾಗಿಯೇ ಹಿಂದಕ್ಕೆ ಹೋಯಿತು. ಅರ್ಧ ಇಂಚು ಆಚೆ ಒತ್ತಿದರೆ ನೋವಿಲ್ಲ.

ಸ್ನಾಯು ನೋವು, ನರದ ನೋವು ಇಷ್ಟು ಚಿಕ್ಕ ಜಾಗದಲ್ಲಿ ನಿಲ್ಲುವುದು ಕಡಿಮೆ. ಹೀಗೆ ಒಂದೇ ಬಿಂದುವಿನಲ್ಲಿ, ಅದೂ ಮೂಳೆಯ ಮೇಲೆಯೇ ನೋವಿದ್ದು, ನಡೆದರೆ ಹೆಚ್ಚಾಗಿ ಕೂತರೆ ಕಡಿಮೆಯಾದರೆ ಸ್ಟ್ರೆಸ್ ಫ್ರಾಕ್ಚರ್ ಅಂತ ಅನುಮಾನ ಪಡಬೇಕು. ಮೂಳೆಯಲ್ಲಿ ಕೂದಲೆಳೆ ಬಿರುಕು. ಎರಡನೇ ಬೆರಳಿನ ಹಿಂದಿನ ಮೂಳೆ ಉಳಿದವುಗಳ ಹಾಗೆ ಅಲ್ಲಾಡುವುದಿಲ್ಲ, ಬುಡದಲ್ಲಿ ಗಟ್ಟಿಯಾಗಿ ಸಿಕ್ಕಿಕೊಂಡಿರುತ್ತದೆ. ಹಾಗಾಗಿ ಪೆಟ್ಟೆಲ್ಲ ಅದಕ್ಕೇ.

ಆದರೂ ಉಳಿದದ್ದನ್ನೂ ನೋಡಿಬಿಡೋಣ ಅಂತ ನೋಡಿದೆ. ಸೊಂಟದ ನರ ಒತ್ತಿದ್ದರೂ ಪಾದದ ಮೇಲ್ಭಾಗದಲ್ಲಿ ನೋವು, ಜೋಮು ಬರುತ್ತದೆ. ಸೊಂಟ ನೋಯದೆ ಬರೀ ಪಾದ ನೋಯುವವರೂ ಇದ್ದಾರೆ, ಅಂಥವರ ಪಾದಕ್ಕೆ ಎಷ್ಟು ಮುಲಾಮು ಹಚ್ಚಿದರೂ ಅಷ್ಟೇ. ಮಲಗಿ, ಮಗನಿಗೆ ಹೇಳಿ ಕಾಲನ್ನು ನೆಟ್ಟಗೆ ಮೇಲಕ್ಕೆ ಎತ್ತಿಸಿದೆ. ಎಳೆತ ಇಲ್ಲ, ಜೋಮಿಲ್ಲ. ನಾಡಿ ನೋಡಿದೆ. ಪಾದದಲ್ಲೂ ನಾಡಿ ಇದೆ. ಹೆಬ್ಬೆರಳು ಮತ್ತು ಎರಡನೇ ಬೆರಳಿನ ನಡುವಿನ ಗೆರೆ ಹಿಡಿದು ಹಿಂದಕ್ಕೆ ಬಂದರೆ ಪಾದದ ಎತ್ತರದ ಜಾಗದಲ್ಲಿ ಒಂದು, ಕಣಕಾಲಿನ ಒಳಗಂಟಿನ ಹಿಂದೆ ಇನ್ನೊಂದು. ಮೇಲಿನದು ಆರೋಗ್ಯವಾಗಿರುವ ಕೆಲವರಲ್ಲೂ ಸಿಗುವುದಿಲ್ಲ, ಸಿಗಲಿಲ್ಲ ಅಂತ ಗಾಬರಿ ಬೇಡ, ಎರಡೂ ಕಾಲು ಹೋಲಿಸಿ ನೋಡಿ. ನನಗೆ ಎರಡೂ ಸಿಕ್ಕವು.

ಇನ್ನು ಹಿಂದಿನ ತಿಂಗಳುಗಳ ಲೆಕ್ಕ. ಮದುವೆ ಅಂದರೆ ಗೊತ್ತಲ್ವಾ? ಬೆಂಗಳೂರಿಗೆ ಹೋಗಿ ಚಿಕ್ಕಪೇಟೆಯ ಸೀರೆ ಅಂಗಡಿಗಳನ್ನು ಹತ್ತಿ ಇಳಿದದ್ದು, ಮನೆ ಮನೆಗೆ ಹೋಗಿ ಪತ್ರಿಕೆ ಕೊಟ್ಟದ್ದು, ಆಮೇಲೆ ಛತ್ರದ ಗ್ರಾನೈಟ್ ನೆಲದ ಮೇಲೆ ಬೆಳಗಿನ ಜಾವದಿಂದ ರಾತ್ರಿವರೆಗೆ ಬರಿಗಾಲು. ಅದರ ಜೊತೆ ನನ್ನ ವಯಸ್ಸು ಐವತ್ತು ದಾಟಿದೆ, ಮುಟ್ಟು ನಿಂತಿದೆ. ಮುಟ್ಟು ನಿಂತ ಮೇಲೆ ಮೂಳೆ ಬೇಗ ಸವೆಯುತ್ತದೆ. ಇಷ್ಟು ಸಾಕಿತ್ತು.

ನೋವು ಮದುವೆಯ ದಿನ ಬಾರದೆ ಆಮೇಲೆ ಯಾಕೆ ಬಂತು? ನಮ್ಮ ಮೂಳೆ ಸುಮ್ನೆ ಇರುವ ವಸ್ತುವಲ್ಲ. ಭಾರ ಜಾಸ್ತಿ ಬಿದ್ದಾಗ ದೇಹ ಅದನ್ನು ಗಟ್ಟಿ ಮಾಡಲು ಹೊರಡುತ್ತದೆ. ಆದರೆ ಹಳೆ ಗೋಡೆಗೆ ಹೊಸ ಗಾರೆ ಮಾಡುವ ಹಾಗೆ, ಮೊದಲು ಹಳೆಯದನ್ನು ಕೆರೆದು ತೆಗೆಯಬೇಕು. ಕೆರೆಯುವ ಕೆಲಸ ಬೇಗ, ತುಂಬುವ ಕೆಲಸ ನಿಧಾನ. ಹಾಗಾಗಿ ಓಡಾಟ ಶುರುವಾದ ಮೂರು ನಾಲ್ಕು ವಾರಕ್ಕೆ ಮೂಳೆ ಮೊದಲಿಗಿಂತ ದುರ್ಬಲವಾಗಿರುತ್ತದೆ, ಆಗಲೂ ಬಿಡುವು ಕೊಡದಿದ್ದರೆ ಬಿರುಕು. ಇದನ್ನು ಮೊದಲು ಬರೆದಿಟ್ಟವರು ಪ್ರಷ್ಯಾ ಸೇನೆಯ ವೈದ್ಯ ಬ್ರೈಟ್‌ಹೌಪ್ಟ್, 1855ರಲ್ಲಿ. ದೂರ ನಡೆದ ಸಿಪಾಯಿಗಳ ಪಾದ ಪೆಟ್ಟಿಲ್ಲದೆ ಊದುವುದನ್ನು ಅವರು ನೋಡಿದ್ದರು. ಎಕ್ಸ್‌ರೇ ಬಂದದ್ದು 1895ರಲ್ಲಿ, ಒಳಗೆ ಮುರಿದಿರುವುದು ಮೂಳೆ ಅಂತ ಕಂಡದ್ದು ಆಮೇಲೆ. ಮಾರ್ಚ್ ಫ್ರಾಕ್ಚರ್ ಅನ್ನುವ ಹೆಸರು ಉಳಿದದ್ದು ಆ ಸಿಪಾಯಿಗಳ ನಡಿಗೆಯಿಂದ.

ಮರುದಿನ ಮೂಳೆ ಡಾಕ್ಟರ ಹತ್ತಿರ ಹೋದೆ. ಎಕ್ಸ್‌ರೇ ಪೂರ್ತಿ ನಾರ್ಮಲ್. ಇಲ್ಲೇ ಬಹಳ ಜನ ಸಮಾಧಾನವಾಗಿ ಮನೆಗೆ ಹೋಗಿ ಮತ್ತೆ ಓಡಾಡಲು ಶುರು ಮಾಡುತ್ತಾರೆ. ಕೂದಲೆಳೆ ಬಿರುಕು ಮೊದಮೊದಲು ಎಕ್ಸ್‌ರೇಯಲ್ಲಿ ಕಾಣುವುದೇ ಇಲ್ಲ ಅನ್ನಬಹುದು. ಎರಡು ಮೂರು ವಾರ ಕಳೆದು, ವಾಸಿಯಾಗಲು ಶುರುವಾಗಿ ಸುತ್ತ ಹೊಸ ಮೂಳೆ ಕೂಡಿದ ಮೇಲೆ ಕಾಣುತ್ತದೆ. ಎಂಆರ್‌ಐ ಮಾಡಿಸಿದರೆ ಮೊದಲೇ ಸಿಗುತ್ತದೆ, ಆದರೆ ದುಡ್ಡು. ಡಾಕ್ಟರೂ ನಾನೂ ಮಾತಾಡಿಕೊಂಡು, ಬಿರುಕು ಇದೆ ಅಂತಲೇ ತಿಳಿದು ನಡೆದುಕೊಳ್ಳೋದು, ಮೂರು ವಾರ ಬಿಟ್ಟು ಮತ್ತೆ ಎಕ್ಸ್‌ರೇ ಅಂತ ತೀರ್ಮಾನ ಮಾಡಿದೆವು. ಎರಡನೇ ಫಿಲ್ಮಿನಲ್ಲಿ ಆ ಮೂಳೆಯ ಸುತ್ತ ಮಬ್ಬು ಬಿಳಿ ಮೋಡದಂಥದ್ದು ಕೂತಿತ್ತು.

ಇದಕ್ಕೆ ಮದ್ದು ಅಂದರೆ ಭಾರ ಕಡಿಮೆ ಮಾಡುವುದು. ಪ್ಲಾಸ್ಟರ್ ಹಾಕಲಿಲ್ಲ. ಬಗ್ಗದಂಥ ಗಟ್ಟಿ ಅಡಿಯ ಶೂ ಹಾಕಿಕೊಂಡೆ, ಹೆಜ್ಜೆ ಇಡುವಾಗ ಮುಂಪಾದ ಮಡಿಸಬಾರದು, ಅಷ್ಟೇ ಅದರ ಉದ್ದೇಶ. ಕ್ಲಿನಿಕ್‌ನಲ್ಲಿ ಚಕ್ರದ ಸ್ಟೂಲ್ ಮೇಲೆ ಕೂತೇ ಕೆಲಸ. ಸಾಮಾನ್ಯವಾಗಿ ಆರರಿಂದ ಎಂಟು ವಾರ ಬೇಕು, ನನಗೆ ಎಂಟರ ಹತ್ತಿರ ಹೋಯಿತು. ನೋವಿಗೆ ಪ್ಯಾರಾಸಿಟಮಾಲ್ ಮಾತ್ರ. ಸುಮ್ನೆ ಕೂತರೆ ಮೀನಖಂಡ ಬಡಕಲಾಗುತ್ತದೆ ಅಂತ ಪಾದಕ್ಕೆ ಭಾರ ಬೀಳದ ವ್ಯಾಯಾಮ ಮೊದಲ ವಾರದಿಂದಲೇ ಮಾಡಿದೆ. ಮಲಗಿ ಕಾಲು ಎತ್ತುವುದು, ಸೊಂಟದ ಪಕ್ಕದ ಸ್ನಾಯುಗಳಿಗೆ ಕೆಲಸ ಕೊಡುವುದು. ಒತ್ತಿದರೆ ನೋವಿಲ್ಲ ಅನ್ನುವ ಹಂತ ಬಂದ ಮೇಲೆ ಗೋಡೆ ಹಿಡಿದು ಹಿಮ್ಮಡಿ ಎತ್ತುವುದು, ಆಮೇಲೆ ನಡಿಗೆ. ಇವತ್ತು ನಡೆದದ್ದು ಜಾಸ್ತಿಯಾಯ್ತಾ ಅಂತ ತಿಳಿಯಲು ನಾಳೆ ಬೆಳಗ್ಗೆ ಅದೇ ಜಾಗ ಒತ್ತಿ ನೋಡುತ್ತಿದ್ದೆ. ನೋವಿದ್ದರೆ ಆ ದಿನ ರಜೆ.

ಎಣ್ಣೆ ಹಚ್ಚಿ ತಿಕ್ಕಲಾ ಅಂತ ಅತ್ತೆ ದಿನಾ ಕೇಳುತ್ತಿದ್ದರು. ಮೀನಖಂಡಕ್ಕೆ ಹಚ್ಚಿಸಿಕೊಂಡೆ, ಸುಖವಾಗಿತ್ತು. ಬಿರುಕಿನ ಜಾಗ ತಿಕ್ಕಲು ಬಿಡಲಿಲ್ಲ. ಮನೆಯೊಳಗೆ ಚಪ್ಪಲಿ ಹಾಕುವ ವಿಷಯದಲ್ಲಿ ಸ್ವಲ್ಪ ಮಾತಾಯಿತು. ಟೈಲ್ಸ್ ನೆಲ ಪಾದಕ್ಕೆ ಮಹಾ ಶತ್ರು. ಕೊನೆಗೆ ಒಳಗೇ ಇಡುವ ಬೇರೆ ಜೊತೆ, ಅಡುಗೆಮನೆ ದೇವರ ಮನೆಗೆ ಪ್ರವೇಶವಿಲ್ಲ ಅಂತ ರಾಜಿಯಾಯಿತು.

ರಕ್ತ ಪರೀಕ್ಷೆಯಲ್ಲಿ ವಿಟಮಿನ್ ಡಿ ತೀರಾ ಕಡಿಮೆ ಬಂತು. ಡೆಕ್ಸಾ ಸ್ಕ್ಯಾನ್‌ನಲ್ಲಿ ಮೂಳೆ ತೆಳುವಾಗಲು ಶುರುವಾಗಿರುವುದು ಗೊತ್ತಾಯಿತು. ನಡುವಯಸ್ಸಿನ ಹೆಂಗಸರಿಗೆ ಪೆಟ್ಟಿಲ್ಲದೆ ಮೂಳೆ ಬಿರುಕು ಬಿಟ್ಟರೆ ಈ ಎರಡನ್ನೂ ನೋಡಿಸಲೇಬೇಕು ಅಂತ ನನ್ನ ಅಭಿಪ್ರಾಯ. ಬಿರುಕು ಕೂಡಿಕೊಳ್ಳುತ್ತದೆ, ಮೂಳೆ ತೆಳುವಾದದ್ದು ಹಾಗೇ ಇರುತ್ತದಲ್ಲ.

ಎಲ್ಲರ ಪಾದ ನೋವೂ ನನ್ನದರ ಹಾಗೇ ಅಂದುಕೊಳ್ಳಬೇಡಿ. ಸಕಲೇಶಪುರ ಕಡೆಯ ತೋಟದವರೊಬ್ಬರು ಹೆಬ್ಬೆರಳ ಬುಡ ಕೆಂಪಗೆ ಊದಿಸಿಕೊಂಡು ಬಂದಿದ್ದರು. ರಾತ್ರಿ ಎರಡು ಗಂಟೆಗೆ ಎಚ್ಚರವಾಯಿತಂತೆ, ಹೊದಿಕೆ ತಾಗಿದರೂ ತಡೆಯಲಾಗದ ನೋವು. ಹಿಂದಿನ ದಿನ ಬಾಡೂಟ, ಬಿಯರ್. ಸಾಲದ್ದಕ್ಕೆ ಬಿಪಿಗೆ ಮೂತ್ರ ಹೆಚ್ಚಿಸುವ ಮಾತ್ರೆ ತಗೊಳ್ಳುತ್ತಿದ್ದರು, ಅದೂ ಯೂರಿಕ್ ಆಸಿಡ್ ಏರಿಸುತ್ತದೆ. ಇದು ಗೌಟ್, ಅಂದರೆ ರಕ್ತದಲ್ಲಿ ಹೆಚ್ಚಾದ ಯೂರಿಕ್ ಆಸಿಡ್ ಹರಳಾಗಿ ಗೆಣ್ಣಿನಲ್ಲಿ ಕೂತು ಬರುವ ಊತ. ನನ್ನ ಕೈಯಲ್ಲಿ ಕೆಲಸವಿಲ್ಲ, ಡಾಕ್ಟರ ಹತ್ತಿರ ಕಳಿಸಿದೆ. ನೋವು ಜೋರಾಗಿರುವಾಗ ರಕ್ತದಲ್ಲಿ ಯೂರಿಕ್ ಆಸಿಡ್ ನಾರ್ಮಲ್ ಬರುವುದೂ ಉಂಟು. ಹಾಗಂತ ಗೌಟ್ ಅಲ್ಲ ಅಂತ ಅಲ್ಲ, ಎರಡು ವಾರ ಬಿಟ್ಟು ಮತ್ತೆ ನೋಡಿಸಬೇಕು. ಸಿಪ್ರೊಫ್ಲಾಕ್ಸಸಿನ್, ಲಿವೊಫ್ಲಾಕ್ಸಸಿನ್ ಥರದ ಆ್ಯಂಟಿಬಯೋಟಿಕ್ ತಗೊಂಡವರಿಗೆ ಹಿಮ್ಮಡಿಯ ಹಿಂದೆ ನೋವು ಬಂದರೂ ಕೂಡಲೇ ಡಾಕ್ಟರಿಗೆ ಹೇಳಬೇಕು, ಆ ಸ್ನಾಯುರಜ್ಜು ಹರಿಯುವ ಅಪಾಯ ಇದೆ.

ಶುಗರ್ ಇರುವವರದು ಬೇರೆಯೇ ಲೆಕ್ಕ. ಅವರಿಗೆ ನೋವು ಕಡಿಮೆ ಇದ್ದರೇ ನನಗೆ ಭಯ. ಒಂದು ಪಾದ ಮಾತ್ರ ಬಿಸಿಯಾಗಿ, ಕೆಂಪಾಗಿ ಊದಿದ್ದು, "ಅಷ್ಟೇನೂ ನೋವಿಲ್ಲ" ಅಂದರೆ ಒಳಗೆ ಮೂಳೆಗಳು ಕುಸಿಯುತ್ತಿರಬಹುದು. ಅದಕ್ಕೆ ಶಾರ್ಕೋ ಫೂಟ್ ಅನ್ನುತ್ತಾರೆ. ಕೀವು ಅಂದುಕೊಂಡು ಆ್ಯಂಟಿಬಯೋಟಿಕ್ ನುಂಗುತ್ತಾ ನಡೆದಾಡಿದರೆ ಪಾದದ ಆಕಾರವೇ ಹೋಗುತ್ತದೆ. ಇನ್ನು ರಾತ್ರಿ ಅಂಗಾಲು ಉರಿಯುವವರು, ಮೆಟ್‌ಫಾರ್ಮಿನ್ ವರ್ಷಗಟ್ಟಲೆ ತಗೊಂಡಿದ್ದರೆ, ಬಿ12 ಒಮ್ಮೆ ನೋಡಿಸಿಕೊಳ್ಳಿ. ಆ ಮಾತ್ರೆ ಬಿ12 ಕಡಿಮೆ ಮಾಡುತ್ತದೆ.

ಕಾಯಲೇಬಾರದ್ದೂ ಕೆಲವು ಇವೆ. ಕಾಲು ಇದ್ದಕ್ಕಿದ್ದಂತೆ ತಣ್ಣಗಾಗಿ, ಬಿಳಿಚಿಕೊಂಡು ಮರಗಟ್ಟಿದರೆ ರಕ್ತನಾಳ ಕಟ್ಟಿದೆ ಅಂತ ಅರ್ಥ, ಗಂಟೆಗಳ ಲೆಕ್ಕದಲ್ಲಿ ದೊಡ್ಡ ಆಸ್ಪತ್ರೆ ಸೇರಬೇಕು. ಬೀಡಿ ಸಿಗರೇಟು ಸೇದುವವರಿಗೆ ರಾತ್ರಿ ಮಲಗಿದಾಗ ಪಾದ ನೋವು ಬಂದು, ಕಾಲು ಮಂಚದಿಂದ ಕೆಳಗೆ ಇಳಿಬಿಟ್ಟರೆ ಆರಾಮ ಅನ್ನಿಸಿದರೆ ಅದೂ ರಕ್ತದ ಓಡಾಟದ್ದೇ ತೊಂದರೆ. ದೂರದ ಪ್ರಯಾಣವೋ ಆಪರೇಷನ್ನೋ ಆದ ಮೇಲೆ ಒಂದೇ ಮೀನಖಂಡ ಊದಿ ನೋಯುತ್ತಿದ್ದರೆ ಅದನ್ನು ನೀವಿಸಿಕೊಳ್ಳಬೇಡಿ, ಮೊದಲು ಸ್ಕ್ಯಾನ್ ಆಗಲಿ, ಒಳಗೆ ರಕ್ತ ಹೆಪ್ಪುಗಟ್ಟಿರಬಹುದು. ಜ್ವರದ ಜೊತೆ ಪಾದ ಊದಿದರೂ ಅಷ್ಟೇ, ಅದೇ ದಿನ ತೋರಿಸಿ.

ನಮ್ಮ ಕಡೆ ಶಿವರಾತ್ರಿ ಬಂತೆಂದರೆ ಚಾರ್ಮಾಡಿ ಘಾಟಿ ಇಳಿದು ಧರ್ಮಸ್ಥಳಕ್ಕೆ ನಡೆದುಹೋಗುವವರ ಸಾಲು. ಹೋಗಿ ಬಂದ ಮೇಲೆ ನನ್ನ ಕ್ಲಿನಿಕ್‌ನಲ್ಲೂ ಸಾಲು. ಹೆಚ್ಚಿನವರದು ಬೊಬ್ಬೆ, ಮೀನಖಂಡದ ಹಿಡಿತ, ಒಂದು ವಾರಕ್ಕೆ ಸರಿಹೋಗುವಂಥದ್ದು. ಆದರೆ ಪಾದದ ಹೊರ ಅಂಚಿನಲ್ಲಿ, ಕಿರುಬೆರಳ ಮೂಳೆಯ ಬುಡದ ಹತ್ತಿರ ಬಿಂದು ನೋವಿದ್ದರೆ, ಇಲ್ಲವೇ ಪಾದದ ನಡುವಿನ ಎತ್ತರದ ಮೂಳೆಯ ಮೇಲೆ ಇದ್ದರೆ ನಾನು ಕೈ ಹಾಕುವುದೇ ಇಲ್ಲ, ನೇರ ಮೂಳೆ ಡಾಕ್ಟರ ಹತ್ತಿರ ಕಳಿಸುತ್ತೇನೆ. ಆ ಎರಡು ಜಾಗದ ಬಿರುಕು ಕೂಡಿಕೊಳ್ಳುವುದು ಕಷ್ಟ, ಕೆಲವರಿಗೆ ಸ್ಕ್ರೂ ಹಾಕಬೇಕಾಗುತ್ತದೆ. ಈ ಸಲ ಹೊರಡುವವರು ವಾರದಿಂದ ವಾರಕ್ಕೆ ದೂರವನ್ನು ಸ್ವಲ್ಪ ಸ್ವಲ್ಪವೇ ಏರಿಸಿ, ನಡುವೆ ಒಂದು ವಾರ ಇಳಿಸಿ. ಹೊಸ ಶೂ ತಗೊಳ್ಳೋದಿದ್ದರೆ ಸಂಕ್ರಾಂತಿ ಹೊತ್ತಿಗೇ ತಗೊಂಡು ಪಳಗಿಸಿಕೊಳ್ಳಿ.