ಗುಲ್ಬರ್ಗಾ ಹೋಗಿ ಕಲಬುರಗಿ ಬರಲಿ: ಕಡತಗಳ ರಾಶಿಯಲ್ಲಿ ಪದ ಬದಲಿಸುವುದು ಹೇಗೆ?

2014ರ ನವೆಂಬರ್ 1ರಂದು ರಾಜ್ಯದ ಹನ್ನೆರಡು ಊರುಗಳ ಹೆಸರು ಅಧಿಕೃತವಾಗಿ ಬದಲಾಯಿತು. ಅದಕ್ಕೂ ಹಿಂದೆ ಟೈಪಾದ ವಿಳಾಸಪಟ್ಟಿ, ಸಂಘದ ವರದಿ, ಸ್ಮರಣ ಸಂಚಿಕೆಗಳಲ್ಲಿ ‘ಗುಲ್ಬರ್ಗಾ’ ಹಾಗೆಯೇ ಉಳಿದಿರುತ್ತದೆ. ಕಡತಗಳನ್ನು ಒಂದೊಂದಾಗಿ ತೆರೆದು ತಿದ್ದಬೇಕಾಗಿಲ್ಲ. 1970ರ ದಶಕದಲ್ಲಿ ಬೆಲ್ ಲ್ಯಾಬ್ಸ್‌ನಲ್ಲಿ ಹುಟ್ಟಿದ, ಪದ ಹುಡುಕುವ ಗ್ರೆಪ್ ಮತ್ತು ಪದ ಬದಲಿಸುವ ಸೆಡ್ ಎಂಬ ಪುಟ್ಟ ತಂತ್ರಾಂಶಗಳು ಲಿನಕ್ಸ್ ಮತ್ತು ಮ್ಯಾಕ್ ಎರಡರಲ್ಲೂ ಸಿದ್ಧವಾಗಿಯೇ ಇರುತ್ತವೆ. ಆದೇಶಗಳನ್ನು ಇಲ್ಲಿ ಉಚ್ಚಾರದಂತೆ ಕೊಟ್ಟಿದ್ದೇನೆ. ಟರ್ಮಿನಲ್‌ನಲ್ಲಿ (ಆದೇಶ ಟೈಪ್ ಮಾಡುವ ಕಿಟಕಿ) ಅವನ್ನು ಇಂಗ್ಲಿಷಿನ ಸಣ್ಣಕ್ಷರಗಳಲ್ಲಿ ಬರೆಯಿರಿ. ಹುಡುಕುವ, ಬದಲಿಸುವ ಕನ್ನಡ ಪದಗಳು ಮಾತ್ರ ಕನ್ನಡದಲ್ಲೇ ಇರಲಿ.

ಮೊದಲು ಇಡೀ ಫೋಲ್ಡರಿನ ಒಂದು ನಕಲನ್ನು ಬೇರೆ ಕಡೆ ತೆಗೆದಿಡಿ. ಇದನ್ನು ಯಾವ ಕಾರಣಕ್ಕೂ ಬಿಡಬೇಡಿ.

ನಂತರ ಹುಡುಕಾಟ:

ಗ್ರೆಪ್ -ಆರ್‌ಎನ್ 'ಗುಲ್ಬರ್ಗ' .

ಕೊನೆಯ ಚುಕ್ಕಿ ಎಂದರೆ ಈಗಿರುವ ಫೋಲ್ಡರ್. ಪದವಿರುವ ಪ್ರತಿ ಸಾಲೂ ಕಡತದ ಹೆಸರು ಮತ್ತು ಸಾಲಿನ ಸಂಖ್ಯೆಯೊಡನೆ ತೆರೆಯ ಮೇಲೆ ಬರುತ್ತದೆ. ಕಣ್ಣಿಗೆ ಕಾಣುವ ಪದ ಗ್ರೆಪ್‌ಗೆ ಸಿಗದಿದ್ದರೆ ಆ ಕಡತ ಯೂನಿಕೋಡ್‌ನಲ್ಲಿ ಇಲ್ಲದಿರಬಹುದು. ನುಡಿ, ಬರಹ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಟೈಪಾದದ್ದನ್ನು ಮೊದಲು ಯೂನಿಕೋಡ್‌ಗೆ ಪರಿವರ್ತಿಸಿಕೊಳ್ಳಬೇಕು. ವರ್ಡ್ ಕಡತಗಳಿಗೂ ಈ ವಿಧಾನ ಒಗ್ಗದು, ಬರಿಯ ಪಠ್ಯ ಕಡತಗಳೇ ಬೇಕು.

ಬಂದ ಸಾಲುಗಳನ್ನು ನಿಧಾನವಾಗಿ ಓದಿ. ಕನ್ನಡದ ನಿಜವಾದ ಕೆಲಸ ಇರುವುದು ಇಲ್ಲಿ. ‘ಗುಲ್ಬರ್ಗಾ’ ತೆಗೆದು ‘ಕಲಬುರಗಿ’ ಎಂದಷ್ಟೇ ಹಾಕಿದರೆ ‘ಗುಲ್ಬರ್ಗಾದಲ್ಲಿ’ ಹೋಗಿ ‘ಕಲಬುರಗಿದಲ್ಲಿ’ ಎಂಬ ಅಪಶಬ್ದ ಬರುತ್ತದೆ. ಹಾಗಾಗಿ ವಿಭಕ್ತಿ ಹತ್ತಿದ ರೂಪಗಳು ಮೊದಲು, ಬರಿಯ ಹೆಸರು ಆಮೇಲೆ. ‘ಊರು.ಸೆಡ್’ ಎಂಬ ಕಡತದಲ್ಲಿ ಹೀಗೆ ಬರೆದಿಡಿ:

ಎಸ್/ಗುಲ್ಬರ್ಗಾ/ಗುಲ್ಬರ್ಗ/ಜಿ
ಎಸ್/ಗುಲ್ಬರ್ಗ ವಿಶ್ವ/@@/ಜಿ
ಎಸ್/ಗುಲ್ಬರ್ಗಕ್ಕೆ/ಕಲಬುರಗಿಗೆ/ಜಿ
ಎಸ್/ಗುಲ್ಬರ್ಗದ/ಕಲಬುರಗಿಯ/ಜಿ
ಎಸ್/ಗುಲ್ಬರ್ಗವ/ಕಲಬುರಗಿಯ/ಜಿ
ಎಸ್/ಗುಲ್ಬರ್ಗ/ಕಲಬುರಗಿ/ಜಿ
ಎಸ್/@@/ಗುಲ್ಬರ್ಗಾ ವಿಶ್ವ/ಜಿ

‘ಎಸ್’ ಎಂದರೆ ಬದಲಿಸು. ‘ಜಿ’ ಎಂದರೆ ಸಾಲಿನಲ್ಲಿ ಎಷ್ಟು ಸಲ ಬಂದರೂ ಬದಲಿಸು. ಮೊದಲ ಸಾಲು ದೀರ್ಘ, ಹ್ರಸ್ವ ಕಾಗುಣಿತಗಳೆರಡನ್ನೂ ಒಂದಾಗಿಸುತ್ತದೆ. ನಾಲ್ಕನೆಯದಂತೂ ಬಹಳ ಸೊಗಸಾದದ್ದು. ಯೂನಿಕೋಡ್‌ನಲ್ಲಿ ಗುಣಿತದ ಚಿಹ್ನೆ ವ್ಯಂಜನದ ನಂತರ ಪ್ರತ್ಯೇಕವಾಗಿ ಕೂರುವುದರಿಂದ ಆ ಒಂದೇ ಸಾಲು ‘ಗುಲ್ಬರ್ಗದಿಂದ’ ಎಂಬುದನ್ನೂ ‘ಕಲಬುರಗಿಯಿಂದ’ ಎಂದು ಸರಿಯಾಗಿ ತಿದ್ದುತ್ತದೆ. ಗುಲ್ಬರ್ಗಾ ವಿಶ್ವವಿದ್ಯಾಲಯದ ಹೆಸರು ಬದಲಾಗಿಲ್ಲವಾದ್ದರಿಂದ ಎರಡನೆಯ ಸಾಲು ಅದನ್ನು ಬಚ್ಚಿಟ್ಟು, ಕೊನೆಯದು ಮರಳಿಸುತ್ತದೆ. ‘@@’ ನಿಮ್ಮ ಪಠ್ಯದಲ್ಲಿ ಬೇರೆಲ್ಲೂ ಇರಬಾರದು. ಬಿಜಾಪುರವನ್ನು ವಿಜಯಪುರ ಮಾಡುವಾಗ ವಿಭಕ್ತಿಯ ತೊಡಕಿಲ್ಲ, ಎರಡೂ ‘ಪುರ’ವೇ. ಆದರೆ ಛತ್ತೀಸಗಢದಲ್ಲೂ ಒಂದು ಬಿಜಾಪುರವಿದೆ, ಅದನ್ನು ಮುಟ್ಟಬೇಡಿ.

ಒಂದೇ ಕಡತದ ಮೇಲೆ ಪರೀಕ್ಷೆ ಮಾಡಿ:

ಸೆಡ್ -ಎಫ್ ಊರು.ಸೆಡ್ ವರದಿ.ಟಿಎಕ್ಸ್‌ಟಿ

ಫಲಿತಾಂಶ ತೆರೆಯ ಮೇಲೆ ಮಾತ್ರ ಬರುತ್ತದೆ, ಮೂಲ ಕಡತ ಹಾಗೆಯೇ ಇರುತ್ತದೆ. ತೃಪ್ತಿಯಾದರೆ ಒಳಗಿನ ಫೋಲ್ಡರುಗಳೂ ಸೇರಿ ಎಲ್ಲಕ್ಕೂ:

ಫೈಂಡ್ . -ನೇಮ್ '*.ಟಿಎಕ್ಸ್‌ಟಿ' -ಎಕ್ಸೆಕ್ ಸೆಡ್ -ಐ.ಬಿಎಕೆ -ಎಫ್ ಊರು.ಸೆಡ್ {} +

‘-ಐ’ ಎಂದರೆ ಕಡತವನ್ನೇ ತಿದ್ದು, ‘.ಬಿಎಕೆ’ ಎಂದರೆ ಹಳೆಯದನ್ನು ಆ ಬಾಲದೊಡನೆ ಉಳಿಸು. ಎರಡರ ನಡುವೆ ಜಾಗ ಬಿಡಬೇಡಿ. ಹೀಗೆ ಬರೆದರೆ ಲಿನಕ್ಸ್, ಮ್ಯಾಕ್ ಎರಡಕ್ಕೂ ಸರಿಹೋಗುತ್ತದೆ. ಇದೇ ಆದೇಶವನ್ನು ಮತ್ತೊಮ್ಮೆ ಓಡಿಸಿದರೆ ಉಳಿದಿದ್ದ ಹಳೆಯ ಪ್ರತಿಯ ಮೇಲೆಯೇ ತಿದ್ದಿದ ಪ್ರತಿ ಬರೆದುಕೊಳ್ಳುತ್ತದೆ.

ಕೊನೆಗೆ ‘ಡಿಫ್ -ಆರ್’ ಎಂಬ ಹೋಲಿಸುವ ಆದೇಶಕ್ಕೆ ಮೊದಲು ತೆಗೆದಿಟ್ಟ ಹಳೆಯ ಮತ್ತು ತಿದ್ದಿದ ಹೊಸ ಫೋಲ್ಡರುಗಳ ಹೆಸರು ಕೊಟ್ಟು, ಬದಲಾದ ಸಾಲುಗಳನ್ನೆಲ್ಲ ಒಮ್ಮೆ ಓದಿ. ಎಲ್ಲವೂ ಸರಿಯಿದ್ದರೆ ‘.ಬಿಎಕೆ’ ಕಡತಗಳನ್ನು ಅಳಿಸಬಹುದು.